ಕತ್ತರಿ ಹಿಡಿಯುವ ಮೊದಲು ಕಿಟಕಿ ನೋಡಿ

ಮೊದಲು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಆಗಿದ್ದೆ. ಈಗ ಮಡಿಕೇರಿ ಸುತ್ತಮುತ್ತಲ ಹೋಂಸ್ಟೇಗಳಲ್ಲಿ ಕುಂಡದ ಗಿಡ ನೋಡಿಕೊಳ್ಳುತ್ತೇನೆ. ಇದೂ ಒಂದು ಕೆಲಸವಾ ಅಂತ ಕೇಳುವವರು ಮಳೆಗಾಲ ಮುಗಿಯುವಾಗ ನನ್ನ ಫೋನ್ ನೋಡಬೇಕು. ದಸರಾ ರಜೆಗೆ ಗೆಸ್ಟ್‌ಗಳು ಬರುತ್ತಾರೆ, ಅಷ್ಟರೊಳಗೆ ಗಿಡ ಸರಿಯಾಗಬೇಕು, ಆಗದಿದ್ದರೆ ಎಲ್ಲ ಕಿತ್ತು ಹೊಸದು ತಂದುಬಿಡಿ. ಹೆಚ್ಚುಕಮ್ಮಿ ಎಲ್ಲ ಓನರ್‌ಗಳದ್ದೂ ಇದೇ ಮಾತು.

ಸೊರಗಿದ, ಅಡ್ಡಾದಿಡ್ಡಿ ಬೆಳೆದ ಗಿಡ ಕಂಡ ತಕ್ಷಣ ಎಲ್ಲರ ಕೈಯೂ ಕತ್ತರಿಗೆ ಹೋಗುತ್ತದೆ. ನಾನು ಮೊದಲು ನೋಡುವುದು ಕಿಟಕಿಯನ್ನು. ಯಾಕೆ ಹಾಗೆ ಬೆಳೆಯಿತು ಅಂತ ತಿಳಿಯದೆ ಕತ್ತರಿಸಿದರೆ, ಕೆಲವು ತಿಂಗಳಲ್ಲಿ ಅದೇ ಗಿಡ ಅದೇ ಆಕಾರದಲ್ಲಿ ಮತ್ತೆ ನಿಮ್ಮ ಮುಂದೆ ನಿಂತಿರುತ್ತದೆ.

ಒಂದು ಹಳೇ ಬಂಗಲೆಯದ್ದನ್ನೇ ಹೇಳುತ್ತೇನೆ. ಮಳೆಗಾಲದಲ್ಲಿ ಗೆಸ್ಟ್ ಇಲ್ಲ ಅಂತ ಕಿಟಕಿಗಳನ್ನೆಲ್ಲ ಮುಚ್ಚಿಟ್ಟಿದ್ದರು. ಮೆಟ್ಟಿಲ ಬುಡದ ಕುಂಡದಲ್ಲಿ ಮನಿ ಪ್ಲಾಂಟ್. ಅದು ಕೈಪಿಡಿಗುಂಟ ಹತ್ತಿ, ತಿರುವಿನಲ್ಲಿ ತಿರುಗಿ, ಅಟ್ಟದ ಸಣ್ಣ ಗಾಜಿನ ಹತ್ತಿರ ಹೋಗಿ ನಿಂತಿತ್ತು. ಅಷ್ಟುದ್ದದ ಬಳ್ಳಿಯಲ್ಲಿ ಎಲೆ ಇದ್ದದ್ದು ತುದಿಯಲ್ಲಿ ಮಾತ್ರ. ಉಳಿದದ್ದೆಲ್ಲ ಬರೀ ಹುರಿ. ಓನರ್ ಅಮ್ಮ ಹೇಳಿದರು, "ರೈಟ್ರೇ, ಇದು ಮುಗೀತು ಅಲ್ವಾ? ಬಿಸಾಕಿ."

"ಅಮ್ಮ, ಎಲೆ ಹೋಗಿದೆ, ಬಳ್ಳಿ ಹೋಗಿಲ್ಲ. ಒತ್ತಿ ನೋಡಿ, ಗಟ್ಟಿ ಇದೆ" ಅಂದೆ. ಅವರು ಒತ್ತಿ ನೋಡಲಿಲ್ಲ, ಆದರೆ ಬಿಸಾಕಲೂ ಹೇಳಲಿಲ್ಲ. ನನಗೆ ಅಷ್ಟು ಸಾಕಿತ್ತು.

ಆ ಬಳ್ಳಿ ಹೋದ ದಾರಿ ನೋಡಿದರೆ ಕಥೆ ಗೊತ್ತಾಗುತ್ತದೆ. ಕತ್ತಲಲ್ಲಿ ಗಿಣ್ಣಿಗೂ ಗಿಣ್ಣಿಗೂ (ಎಲೆ ಹುಟ್ಟುವ ಗಂಟು) ನಡುವೆ ಅಂತರ ಜಾಸ್ತಿಯಾಗಿತ್ತು, ಎಲೆ ಸಣ್ಣದಾಗಿತ್ತು, ಹಳದಿ ಪಟ್ಟೆ ಮಾಸಿ ಬರೀ ಹಸಿರಾಗಿತ್ತು. ಬೆಳಕು ಕಡಿಮೆಯಾದರೆ ಈ ಮೂರೂ ಆಗುತ್ತವೆ. ಅದಕ್ಕೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಕುಂಡವನ್ನು ಮೊದಲು ಪೂರ್ವದ ಕಿಟಕಿ ಪಕ್ಕಕ್ಕೆ ತರಿಸಿದೆ. ಬಿಸಿಲು ನೇರ ಬೀಳಬಾರದು, ಪೇಪರ್ ಓದುವಷ್ಟು ಬೆಳಕು ಹಗಲಿಡೀ ಇರಬೇಕು. ಮೆಟ್ಟಿಲ ಹತ್ತಿರವೇ ಚೆನ್ನಾಗಿ ಕಾಣ್ತಿತ್ತು ಅಂತ ಅಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಆಮೇಲೆ ಕತ್ತರಿ. ಮೆಣಸಿನ ಬಳ್ಳಿ ಕಟ್ಟಿ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ. ಮೆಣಸಿನ ನರ್ಸರಿಯಲ್ಲಿ ಹಬ್ಬು ಬಳ್ಳಿಯನ್ನು ಎರಡು ಮೂರು ಗಿಣ್ಣು ಬರುವ ಹಾಗೆ ತುಂಡು ಮಾಡಿ, ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಕೊಟ್ಟೆಗೆ (ಮಣ್ಣು ತುಂಬಿದ ಚೀಲಕ್ಕೆ) ನೆಡುತ್ತಾರಲ್ಲ, ಇದೂ ಹಾಗೇ. ಬೇರು ಬರುವುದೂ ಗಿಣ್ಣಲ್ಲಿ, ಚಿಗುರು ಬರುವುದೂ ಗಿಣ್ಣಲ್ಲಿ. ಗಿಣ್ಣಿಲ್ಲದ ಬರೀ ಎಲೆಯನ್ನು ನೀರಿಗಿಟ್ಟರೆ ತೊಟ್ಟಿಗೆ ಬೇರು ಬಂದರೂ ಬರಬಹುದು, ಅದರಿಂದ ಬಳ್ಳಿ ಮಾತ್ರ ಏಳುವುದಿಲ್ಲ. ಹೋಂಸ್ಟೇ ಅಡುಗೆಮನೆಗಳ ಕಿಟಕಿಯಲ್ಲಿ ಇಂಥ ಗ್ಲಾಸ್‌ಗಳನ್ನು ತುಂಬಾ ನೋಡಿದ್ದೇನೆ. ಪಾಪ, ಎಲೆ ಹಸಿರಾಗೇ ಇರುತ್ತದೆ, ಅವರು ಕಾಯುತ್ತಲೇ ಇರುತ್ತಾರೆ.

ಬುಡದಲ್ಲಿ ಒಂದು ಗೇಣು ಬಿಟ್ಟು ಕತ್ತರಿಸಿದೆ. ತುದಿ ಇರುವ ತನಕ ಕೆಳಗಿನ ಮೊಗ್ಗುಗಳಿಗೆ ಏಳಲು ಬಿಡುವುದಿಲ್ಲ, ತುದಿ ಹೋದರೆ ಅವು ಏಳುತ್ತವೆ. ಅರೇಬಿಕಾ ಗಿಡವನ್ನು ಎರಡೂವರೆ ಅಡಿಗೆ ಒಮ್ಮೆ, ಆಮೇಲೆ ಐದಡಿ ಹತ್ತಿರ ಇನ್ನೊಮ್ಮೆ ತುದಿ ಚಿವುಟುವುದು ಇದೇ ಲೆಕ್ಕದ ಮೇಲೆ. ಕತ್ತರಿಸಿದ ಉದ್ದನೆ ಬಳ್ಳಿಯನ್ನು ಎರಡು ಗಿಣ್ಣಿನ ತುಂಡು ಮಾಡಿ, ಎಲೆ ಇಲ್ಲದ ತುಂಡುಗಳನ್ನೂ ಬಿಡದೆ, ಅದೇ ಕುಂಡದಲ್ಲಿ ಬುಡದ ಸುತ್ತ ನೆಟ್ಟೆ. ಗುಟ್ಟು ಇರುವುದು ಇಲ್ಲೇ. ಒಂದು ಬುಡದಿಂದ ಎಷ್ಟು ಚಿಗುರು ಬಂದೀತು? ಕುಂಡ ತುಂಬಿದ ಹಾಗೆ ಕಾಣಬೇಕಾದರೆ ಬುಡಗಳೇ ಜಾಸ್ತಿ ಬೇಕು. ಅಂದ ಹಾಗೆ ಮನಿ ಪ್ಲಾಂಟ್ ತಾನಾಗಿ ಹೂ ಬಿಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹಾಗಾಗಿ ನಮ್ಮ ಮನೆಗಳಲ್ಲಿ ಇರುವುದೆಲ್ಲ ಯಾರೋ ಯಾವಾಗಲೋ ಕತ್ತರಿಸಿ ಕೊಟ್ಟ ತುಂಡಿನಿಂದಲೇ ಬಂದದ್ದು.

ಕೈಗೆ ಗ್ಲೌಸ್ ಹಾಕಿ. ಇದು ಕೆಸುವಿನ ಬಳಗದ ಗಿಡ. ಕೆಸುವಿನ ಸೊಪ್ಪು ಹೆಚ್ಚಿದಾಗ ಕೈ ಯಾಕೆ ತುರಿಸುತ್ತದೋ ಇಲ್ಲೂ ಅದೇ ಕಾರಣ, ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ. ನಾಯಿ, ಬೆಕ್ಕು ಇರುವ ಮನೆಯಲ್ಲಿ ತುಂಡುಗಳನ್ನು ನೆಲದ ಮೇಲೆ ಬಿಡಬೇಡಿ, ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತವೆ.

ಎಲ್ಲ ಗಿಡಕ್ಕೂ ಒಂದೇ ಮಂತ್ರ ನಡೆಯುವುದಿಲ್ಲ. ಯಾವ ರೆಂಬೆಯಿಂದ ತುಂಡು ತೆಗೆಯುತ್ತೀರಿ ಅನ್ನುವುದೂ ಮುಖ್ಯ. ಕಾಫಿಯಲ್ಲಿ ನೆಟ್ಟಗೆ ಮೇಲೇಳುವ ಕಂಬಚಿಗುರಿನ ತುಂಡು ನೆಟ್ಟರೆ ಗಿಡ ನೆಟ್ಟಗೆ ಏಳುತ್ತದೆ, ಅಡ್ಡರೆಂಬೆಯದ್ದು ನೆಟ್ಟರೆ ಅಡ್ಡಕ್ಕೇ ಹರಡುತ್ತದೆ. ಮೆಣಸಿನಲ್ಲೂ ಫಸಲು ಬಿಡುವ ಪಕ್ಕದ ರೆಂಬೆ ನೆಟ್ಟರೆ ಅದು ಮರ ಹತ್ತುವುದಿಲ್ಲ, ಪೊದೆ ಮೆಣಸಾಗುತ್ತದೆ. ಮನಿ ಪ್ಲಾಂಟ್‌ಗೆ ಈ ತಕರಾರಿಲ್ಲ.

ಅದೇ ಬಂಗಲೆಯ ಸಿಟೌಟ್‌ನಲ್ಲಿ ರಬ್ಬರ್ ಪ್ಲಾಂಟ್ ಒಂದಿತ್ತು, ಮನೆಯೊಳಗಿಡುವ ಅಗಲ ಎಲೆಯದ್ದು. ಮಾಡಿಗೆ ತಾಗಿ ಬಗ್ಗಿತ್ತು. ಅದರ ದಪ್ಪ ಕಾಂಡ ಸುಮ್ನೆ ಕತ್ತರಿಸಿ ಚುಚ್ಚಿದರೆ ಬೇರು ಬರುವುದು ಕಷ್ಟ, ಅದಕ್ಕೆ ಗೂಟಿ ಕಟ್ಟಿದೆ. ಬೇಕಾದ ಎತ್ತರದಲ್ಲಿ ಒಂದು ಇಂಚಿನಷ್ಟು ತೊಗಟೆಯನ್ನು ಬಳೆಯ ಹಾಗೆ ಸುತ್ತ ತೆಗೆದು, ಹಾಲು ಒರೆಸಿ, ಒದ್ದೆ ಪಾಚಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಾಗಿ ಕಟ್ಟುವುದು. ಮಳೆ ಮುಗಿದ ಹೊತ್ತಿಗೆ ಪಾಚಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಕೊಡಗಿನಲ್ಲಿ ಪ್ರತಿ ಮರದ ಮೇಲೂ ಇರುತ್ತದೆ. ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಚೆನ್ನಾಗಿ ತುಂಬಿದ ಮೇಲೆ ಅದರ ಕೆಳಗೆ ಕತ್ತರಿಸಿದರೆ ಮೇಲಿನದ್ದು ಹೊಸ ಗಿಡ. ಕೆಳಗೆ ಉಳಿದ ಮೋಟು ಕಾಂಡವೂ ಕವಲೊಡೆಯುತ್ತದೆ.

ಕೋಲಿನಂಥ ಕಾಂಡದ ಡ್ರಸೀನಾ ಗಿಡ ಇದಕ್ಕಿಂತ ಸುಲಭ. ಸೊಂಟದ ಎತ್ತರಕ್ಕೆ ಕಡಿದರೆ ಕಡಿದ ಜಾಗದ ಕೆಳಗೇ ಚಿಗುರು ಒಡೆಯುತ್ತದೆ. ಕಡಿದ ಕೋಲನ್ನು ಗೇಣುದ್ದದ ತುಂಡು ಮಾಡಿ ನೆಡಬಹುದು, ಆದರೆ ಎಲೆ ಇಲ್ಲದ ಕೋಲಲ್ಲಿ ಮೇಲ್ಯಾವುದು ಕೆಳಗ್ಯಾವುದು ಅಂತ ಆಮೇಲೆ ಗೊತ್ತಾಗುವುದಿಲ್ಲ. ಮೇಲ್ಗಡೆ ನೇರ, ಕೆಳಗಡೆ ಓರೆಯಾಗಿ ಕತ್ತರಿಸಿಟ್ಟುಕೊಂಡರೆ ತಲೆನೋವಿಲ್ಲ.

ಮಣ್ಣಿನ ವಿಷಯ. ಕಾಫಿ ನರ್ಸರಿಯಲ್ಲಿ ಕಾಡುಮಣ್ಣು 6 ಪಾಲು, ಕೊಟ್ಟಿಗೆ ಗೊಬ್ಬರ 2, ಮರಳು 1 ಅಂತ ಅಳತೆ. ಮನೆಯೊಳಗಿನ ಕುಂಡಕ್ಕೆ ಅದು ಭಾರವಾಗುತ್ತದೆ, ನೀರು ಬೇಗ ಇಳಿಯುವುದಿಲ್ಲ. ನಾನು ಅದಕ್ಕೆ ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಬೆರೆಸುತ್ತೇನೆ. ಬೇರು ಕುಂಡದ ಗೋಡೆಗೆ ಸುತ್ತಿಕೊಂಡಿದ್ದರೆ ಹೊರಗಿನ ಸುತ್ತನ್ನು ಬಿಡಿಸಿ ಸ್ವಲ್ಪ ಕತ್ತರಿಸಿ, ಹೆದರಬೇಡಿ.

ಇಷ್ಟು ಮಾಡಿದ ಗಿಡವೂ ಸಾಯುವುದು ನೀರಿನಿಂದ. ಕತ್ತರಿಸಿದ ಮೇಲೆ ಎಲೆಯೇ ಇಲ್ಲದ ಗಿಡ ಮೊದಲಿನಷ್ಟು ನೀರು ಕುಡಿಯುವುದಿಲ್ಲ. ಆದರೆ ಬೋಳು ಕುಂಡ ಕಂಡರೆ ಎಲ್ಲರಿಗೂ ಕರುಣೆ. ಬೆಳಿಗ್ಗೆ ಕ್ಲೀನಿಂಗ್‌ಗೆ ಬರುವ ಅಕ್ಕ ಒಂದು ಚೊಂಬು, ಅಡುಗೆಯವರು ಒಂದು ಚೊಂಬು, ಸಂಜೆ ಓನರ್ ಮತ್ತೊಂದು. ವಾರದಲ್ಲಿ ಬುಡ ಕೊಳೆಯುತ್ತದೆ. ಈಗ ನಾನು ಕೆಲಸ ಒಪ್ಪಿಕೊಳ್ಳುವಾಗಲೇ ನೀರಿನ ಜವಾಬ್ದಾರಿ ಒಬ್ಬರಿಗೆ ಮಾತ್ರ ಅಂತ ಮಾತಾಡಿಕೊಳ್ಳುತ್ತೇನೆ. ಸಾಮಾನ್ಯವಾಗಿ ಆ ಕ್ಲೀನಿಂಗ್ ಅಕ್ಕನಿಗೇ ಒಪ್ಪಿಸುತ್ತೇನೆ, ಏಕೆಂದರೆ ದಿನಾ ಗಿಡದ ಹತ್ತಿರ ಹೋಗುವವರು ಅವರೇ. ಬೆರಳಿನ ಎರಡು ಗೆರೆ ಆಳಕ್ಕೆ ಮಣ್ಣು ಒಣಗಿದ್ದರೆ ಮಾತ್ರ ನೀರು. ಬಂಗಲೆಯ ಅಕ್ಕ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಅಮ್ಮ ಚೊಂಬು ಹಿಡಿದುಕೊಂಡು ಬಂದಾಗ "ಅಮ್ಮಾ, ರೈಟ್ರು ಬೈತಾರೆ" ಅಂತ ತಡೆದರಂತೆ. ನಾನು ಬೈಯುವವನಲ್ಲ, ಆದರೂ ಹೆಸರು ಕೆಲಸಕ್ಕೆ ಬಂತು.

ಓನರ್‌ಗಳಿಗೂ ಮೊದಲೇ ಹೇಳಿಬಿಡಬೇಕು, ಕೆಲವು ವಾರ ಗಿಡ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ ಅಂತ. ಹೇಳದಿದ್ದರೆ ದುಡ್ಡು ಕೊಟ್ಟು ಗಿಡ ಹಾಳು ಮಾಡಿಸಿಕೊಂಡೆವು ಅಂದುಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ನಾನು ಕುಂಡವನ್ನು ಹಿಂದಿನ ವರಾಂಡಕ್ಕೆ ಸಾಗಿಸಿ, ಎಲೆ ಇರುವ ತುದಿಗಳನ್ನು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಊಟದ ಟೇಬಲ್ ಮೇಲೆ ಇಡುತ್ತೇನೆ. ಗೆಸ್ಟ್‌ಗಳು ಅದರದ್ದೇ ಫೋಟೋ ತೆಗೆಯುತ್ತಾರೆ.

ಕಾಲದ ಮಾತು ಕೊನೆಗಿಟ್ಟೆ, ಆದರೆ ನಮ್ಮ ಊರಲ್ಲಿ ಅದೇ ಅರ್ಧ ಕೆಲಸ. ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜೋರುಮಳೆಯ ತಿಂಗಳಲ್ಲಿ, ಕತ್ತರಿ ಮುಟ್ಟಬೇಡಿ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕತ್ತರಿಸಿದ ಗಾಯ ಹೇಗೆ ಒಣಗೀತು? ಬೆಳಕೂ ಇರುವುದಿಲ್ಲ. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಮಾಡಬಹುದು, ಡಿಸೆಂಬರ್‌ನ ಚಳಿ ಬರುವುದರೊಳಗೆ ಬೇರು ಹಿಡಿದಿರುತ್ತದೆ. ಅದು ತಪ್ಪಿದರೆ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ, ಮಾರ್ಚ್ ಏಪ್ರಿಲ್‌ನಲ್ಲಿ. ಆ ಸೆಖೆಯಲ್ಲಿ ಬೇರೂ ಬೇಗ ಬರುತ್ತದೆ. ದಸರಾಕ್ಕೇ ಗಿಡ ತುಂಬಿರಬೇಕು ಅನ್ನುವವರು ಮಳೆಗೆ ಮುಂಚೆಯೇ, ಏಪ್ರಿಲ್‌ನಲ್ಲೇ ಫೋನ್ ಮಾಡಬೇಕು. ಯಾರೂ ಮಾಡುವುದಿಲ್ಲ.

ಇನ್ನೊಂದು ಮಾತು. ಉಳಿದ ತುಂಡುಗಳನ್ನು ತೋಟದ ಬದಿಗೆ ಎಸೆಯಬೇಡಿ. ಒಂದು ಗಿಣ್ಣು ಮಣ್ಣಿಗೆ ತಾಗಿದರೆ ಸಾಕು, ಮೆಣಸು ಹಬ್ಬಿಸುವ ಸಿಲ್ವರ್ ಓಕ್ ಮರ ಹತ್ತಿ ಮೊರದಗಲ ಎಲೆ ಬಿಟ್ಟು ಮೆಣಸಿನ ಜಾಗ ಹಿಡಿಯುತ್ತದೆ. ಸಿಮೆಂಟ್ ಕಣದ ಮೇಲೆ ಹರಡಿ, ಮುರಿದರೆ ಚಟ್ ಅನ್ನುವ ತನಕ ಬಿಸಿಲಿಗೆ ಒಣಗಿಸಿ ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.