ನೀವು ಯಾರನ್ನಾದ್ರೂ ಕೊಂದಿದ್ದೀರಾ, ಆಂಟಿ?

ಕಳೆದ ಭಾನುವಾರ ಸಂಡೇ ಸ್ಕೂಲ್ ನನ್ನ ತಲೆಗೆ ಬಂತು. ಪ್ರತಿ ವಾರ ಪಾಠ ಮಾಡುವ ಟೀಚರ್‌ಗೆ ಹುಷಾರಿಲ್ಲವಂತೆ. ಕಷ್ಟದ ಪಾಠ ಬಂದಾಗಲೇ ಅವರಿಗೆ ಹುಷಾರು ತಪ್ಪುತ್ತದೆ, ಅದು ಬೇರೆ ಮಾತು. 'ಆರನೇ ಆಜ್ಞೆ ತಾನೇ, ನಾನೇ ಮಾಡ್ತೀನಿ ಬಿಡಿ' ಅಂದೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ಇದೇ ಸಲೀಸು ಅಂತ ನನ್ನ ಲೆಕ್ಕ. ಸುಳ್ಳು ಹೇಳಬೇಡ ಅಂದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. 'ನರಹತ್ಯ ಮಾಡಬಾರದು' ಅಂದರೆ ಯಾರಿಗೂ ಏನೂ ಚುಚ್ಚುವುದಿಲ್ಲ.

ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. ತಮ್ಮ ಹೇಬೆಲನನ್ನು ಕೊಂದ ಕಾಯಿನನ ಕಥೆ ಆಯಿತು. ಹೀಬ್ರೂವಿನಲ್ಲಿ ಈ ಆಜ್ಞೆ ಬರೀ ಎರಡೇ ಪದ, ಕ್ಯಾಥೊಲಿಕರೂ ಲೂಥರನ್ನರೂ ಇದನ್ನು ಐದನೆಯದು ಅಂತ ಎಣಿಸುತ್ತಾರೆ ಅಂತೆಲ್ಲ ಹೇಳಿದೆ. ಒಬ್ಬ ಹುಡುಗ 'ಸೈನಿಕರು ಕೊಲ್ತಾರಲ್ವಾ?' ಅಂದ. ಅದಕ್ಕೂ ಉತ್ತರ ಇತ್ತು. ಇಲ್ಲಿರುವ ಹೀಬ್ರೂ ಪದವನ್ನು ಯುದ್ಧದಲ್ಲಿ ಕೊಲ್ಲುವುದಕ್ಕೆ ಸಾಮಾನ್ಯವಾಗಿ ಬಳಸುವುದಿಲ್ಲ. ಆದರೂ ಎಲ್ಲ ಕ್ರೈಸ್ತರೂ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹಳೇ ಕಾಲದ ಧರ್ಮಗುರು ಅಗಸ್ಟೀನ್ ನ್ಯಾಯವಾದ ಯುದ್ಧ ಇರಬಹುದು ಅಂದ. ಮೆನ್ನೊನೈಟರು, ಕ್ವೇಕರರು ಅನ್ನುವ ಕ್ರೈಸ್ತ ಪಂಗಡದವರು ಆಯುಧವನ್ನೇ ಮುಟ್ಟೆವು ಅಂದರು. ಮರಣದಂಡನೆಯನ್ನು ಒಪ್ಪಲಾಗದು ಅಂತ ಪೋಪ್ ಫ್ರಾನ್ಸಿಸ್ 2018ರಲ್ಲಿ ಕ್ಯಾಥೊಲಿಕ್ ಧರ್ಮೋಪದೇಶದ ಪುಸ್ತಕವನ್ನೇ ತಿದ್ದಿಸಿದರು. ಹುಡುಗ ಆಕಳಿಸಿದ. ನಾನು ಜಾಸ್ತಿ ಹೇಳಿದೆ, ಗೊತ್ತು.

ಕೊನೆಗೆ ಮತ್ತಾಯನ ಸುವಾರ್ತೆಯಿಂದ 5:22 ಓದಿಸಿದೆ. ಮುಂದಿನ ಸಾಲಿನ ಹುಡುಗಿ, ಎಂಟೋ ಒಂಬತ್ತೋ ವರ್ಷ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದಿದಳು. ಸಹೋದರನ ಮೇಲೆ ಸಿಟ್ಟುಗೊಳ್ಳುವವನೂ ವಿಚಾರಣೆಗೆ ಗುರಿಯಾಗುತ್ತಾನೆ ಅನ್ನುವ ಯೇಸುವಿನ ಮಾತು. ಓದಿ ಮುಗಿದರೂ ಬೆರಳು ಅಲ್ಲೇ ಇತ್ತು. ಬೆರಳ ತುದಿಗೆ ಪೆನ್ಸಿಲ್ ಮಸಿ.

'ಆಂಟಿ, ಸಿಟ್ಟು ಮಾಡ್ಕೊಂಡ್ರೂ ಲೆಕ್ಕಕ್ಕೆ ಬರುತ್ತಾ?'

'ಬರುತ್ತೆ ಪುಟ್ಟಾ.'

'ಹಾಗಾದ್ರೆ ನೀವು ಯಾರನ್ನಾದ್ರೂ ಕೊಂದಿದ್ದೀರಾ?'

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ಕೆಣಕುವ ಮಗುವೂ ಅಲ್ಲ ಅದು. ಕೂಡಿಸಿ ಕಳೆದು ಉತ್ತರಕ್ಕೆ ಕಾಯುತ್ತಾ ಕೂತಿತ್ತು, ಅಷ್ಟೇ. 'ಪ್ರಾರ್ಥನೆ ಮಾಡೋಣ' ಅಂದೆ. ಸಂಡೇ ಸ್ಕೂಲಿನಲ್ಲಿ ತಪ್ಪಿಸಿಕೊಳ್ಳೋದಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಅಣ್ಣನ ಜೊತೆ ನಾನು ಮಾತು ಬಿಟ್ಟು ಮೂರು ವರ್ಷ ಆಯಿತು. ಕಾರಣ ಬರೆಯೋದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಮನೆಗಳಲ್ಲಿ ಏನೇನಾಗುತ್ತದೆ ಅಂತ ನಿಮಗೂ ಗೊತ್ತು. ಅವನು ಒಳ್ಳೆಯವನೇ, ಆದರೆ ನಾಲಿಗೆ ಸರಿಯಿಲ್ಲ. ಕುಟುಕದೆ ಒಂದು ಮಾತೂ ಆಡಲಾರ. ಕೊನೆಯ ಸಲ ಫೋನಿನಲ್ಲಿ ಕುಟುಕಿದ್ದು ಮಾತ್ರ ಅವನಲ್ಲ. 'ನನ್ನ ಪಾಲಿಗೆ ನೀನು ಸತ್ತ ಹಾಗೆ' ಅಂದು ಇಟ್ಟುಬಿಟ್ಟವಳು ನಾನು.

ಎಲ್ಲರೂ ಆಡುವ ಮಾತೇ ಅದು. ಸಿಟ್ಟಿನಲ್ಲಿ ಬಂದುಬಿಡುತ್ತದೆ, ಅರ್ಥ ಯಾರು ನೋಡುತ್ತಾರೆ? ಈ ವಾರ ನೋಡಿದೆ. ಆ ಹುಡುಗಿ ಓದಿದ ವಚನದಲ್ಲೇ ಯೇಸು ಹೆಸರಿಸುವ ಬೈಗುಳ 'ರಾಕಾ', ತಲೆ ಖಾಲಿ ಇರುವವನೇ ಅನ್ನುವಂಥದ್ದು. ಅಷ್ಟಕ್ಕೇ ನ್ಯಾಯಸಭೆ! ನಾನು ಆಡಿದ ಮಾತಿನ ಮುಂದೆ ರಾಕಾ ಮುದ್ದಿನ ಮಾತು.

ಸೋಮವಾರ ರಾತ್ರಿ ಹಳೇ ಧರ್ಮೋಪದೇಶದ ಪುಸ್ತಕಗಳನ್ನು ತೆಗೆದು ಕೂತೆ. ಪ್ರೊಟೆಸ್ಟಂಟ್ ಸುಧಾರಕ ಲೂಥರ್ 1529ರಲ್ಲೇ ಬರೆದಿದ್ದಾನೆ, ನೆರೆಯವನ ಮೈಗೆ ಹಾನಿ ಮಾಡದಿದ್ದರೆ ಸಾಲದು, ಅವನ ಕಷ್ಟಕ್ಕೆ ಆಗಬೇಕು ಅಂತ. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ, ಅದೂ ಪ್ರೊಟೆಸ್ಟಂಟರ ಧರ್ಮೋಪದೇಶವೇ, ಇನ್ನೂ ಖಾರ. ಯೋಚನೆಯಲ್ಲಿ, ಮಾತಿನಲ್ಲಿ, ನೋಟದಲ್ಲಿ ಕೂಡ ನೆರೆಯವನನ್ನು ಹೀನವಾಗಿ ಕಾಣಬಾರದಂತೆ. ನೋಟದಲ್ಲಿ! ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಣ್ಣ ಎದುರಿಗೆ ಬಂದಾಗ ನಾನು ಗೋಡೆಯ ಮೇಲಿನ ಗಡಿಯಾರ ನೋಡಿದ್ದೆ. ಗಡಿಯಾರ ನಿಂತುಹೋಗಿತ್ತು. ಆದರೂ ನೋಡುತ್ತಲೇ ಇದ್ದೆ.

ಬೇರೆಯವರ ಕೊಲೆಯನ್ನು ಅಳೆಯುವಾಗ ನಮಗೆ ಈ ಆಜ್ಞೆ ಎಷ್ಟು ಅಗಲ ಬೇಕೋ ಅಷ್ಟು ಅಗಲ ಆಗುತ್ತದೆ. ಯುದ್ಧ, ಗಲ್ಲು, ಗರ್ಭಪಾತ, ಎಲ್ಲದಕ್ಕೂ ಗಂಟೆಗಟ್ಟಲೆ ವಾದ ಮಾಡುತ್ತೇವೆ. ನಾನೂ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ನಮ್ಮ ಸರದಿ ಬಂದಾಗ ಮಾತ್ರ ಮತ್ತೆ ಎರಡೇ ಪದಕ್ಕೆ ಬಂದು ನಿಲ್ಲುತ್ತೇವೆ. ಚಾಕು ಹಿಡಿದಿಲ್ಲ, ಮುಗಿಯಿತು.

ಇನ್ನೊಂದು ಹೇಳಬೇಕು. ಆ ಭಾನುವಾರವೇ ಆರಾಧನೆಯಲ್ಲಿ ಕಾಣಿಕೆ ಚೀಲ ನನ್ನ ಕೈಗೆ ಬಂತು. ಮತ್ತಾಯನ ಅದೇ ಅಧ್ಯಾಯದಲ್ಲಿ ಮುಂದೆಯೇ ಇದೆ, ನಿನ್ನ ಮೇಲೆ ಸಹೋದರನಿಗೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೋ ಅಂತ. ನೋಟನ್ನು ಮಡಚಿ ಹಿಡಿದುಕೊಂಡೇ ಇದ್ದೆ. ಪಕ್ಕದವರು ಕೆಮ್ಮಿದರು. ಹಾಕಿಬಿಟ್ಟೆ.

ಬುಧವಾರ ರಾತ್ರಿ ನಂಬರ್ ಒತ್ತಿದೆ. ಮೂರು ಸಲ ರಿಂಗ್ ಆಗೋ ಹೊತ್ತಿಗೆ, ಎತ್ತದಿದ್ದರೆ ಸಾಕಪ್ಪಾ ಅನ್ನಿಸಿತು. ಎತ್ತಿದ. ನಾನು ಏನೂ ಹೇಳಲಿಲ್ಲ. ಅವನೂ ಸ್ವಲ್ಪ ಹೊತ್ತು ಸುಮ್ನಿದ್ದ.

'ಹೇಳು,' ಅಂದ. 'ಇನ್ನೂ ಬದುಕಿದ್ದೀನಿ.'