ಸುಣ್ಣದ ಗೋಡೆಯ ಮೇಲೆ ನೀಲಿ ಕೊನೆಗೂ ನಿಂತಿತು

ಉದ್ಯಾನದ ಗೋಡೆಗೆ ಸುಣ್ಣದ ಗಚ್ಚು (ಗಾರೆ) ಎಳೆದು ನಾನು ಬರೆಯುತ್ತಿರುವ ಚಿತ್ರದಲ್ಲಿ ನೀಲಿ ಬಣ್ಣ ಕೊನೆಗೂ ನಿಂತಿದೆ. ಒದ್ದೆ ಬೆರಳಿನಿಂದ ಒತ್ತಿ ಉಜ್ಜಿದರೂ ಬೆರಳಿಗೆ ಬಣ್ಣ ಹತ್ತುತ್ತಿಲ್ಲ. ಕಾವಿ, ಹಳದಿ, ಕಪ್ಪು ಬಣ್ಣಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕಬ್ಬಿಣದ ಆಕ್ಸೈಡುಗಳೂ ಕ್ರೋಮಿಯಂ ಆಕ್ಸೈಡಿನ ಹಸಿರೂ ಸುಣ್ಣದೊಡನೆ ಜಗಳ ತೆಗೆಯುವುದಿಲ್ಲ. ಚೌಕ ಹಾಕಿ ಚಿತ್ರ ಹಿಗ್ಗಿಸುವ ಕೆಲಸ ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಅದನ್ನೂ ಬಿಟ್ಟು, ನೇರವಾಗಿ ನೀಲಿಗೆ ಬರುತ್ತೇನೆ.

ಚಿತ್ರದ ವಿಷಯ ವಿಜಯಪುರದ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ವ್ಯವಸ್ಥೆ. ಊರಾಚೆಯ ತೊರವಿಯ ಸುರಂಗ ಬಾವಡಿಯ (ಬಾವಿಯ) ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ನಗರಕ್ಕೆ ಹರಿದು ಬಂದ ನೀರು, ಆ ಕಾಲುವೆಗೆ ಇಳಿಯಲು ನಡುನಡುವೆ ತೋಡಿದ ಬಾವಿಗಳು, ಕೊಳವೆಗಳಲ್ಲಿನ ಒತ್ತಡ ತಗ್ಗಿಸಿ ಹೂಳನ್ನು ಕೆಳಗೆ ಕೂರಿಸುತ್ತಿದ್ದ ಗಂಜ್ ಗೋಪುರಗಳು, ಬಲತುದಿಯಲ್ಲಿ 1620ರ ತಾಜ್ ಬಾವಡಿಯ ಕಮಾನು, ಇವೆಲ್ಲವೂ ಒಂದೇ ಅಡ್ಡಸೀಳು ನೋಟದಲ್ಲಿ ಬರಬೇಕೆಂಬುದು ಯೋಜನೆ. ನೆಲದ ಮೇಲೆ ಬೇವು, ಹುಣಸೆ, ನೆರಳಿನಲ್ಲಿ ಕುಳಿತ ಜನ. ನೆಲದ ಕೆಳಗೆ ನೀರು. ಪಾರಂಪರಿಕ ತಾಣಗಳನ್ನು ಕಾಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳನ್ನು ತನ್ನ 2020ರ ನಿಗಾ ಪಟ್ಟಿಗೆ ಸೇರಿಸಿತು. ಆದರೂ ಉದ್ಯಾನಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಗೋಳಗುಮ್ಮಟ ಗೊತ್ತೇ ಹೊರತು ಅದೇ ಊರಿನ ಸುರಂಗದ ನೀರು ಗೊತ್ತಿಲ್ಲ. ಹೀಗಾಗಿ ಗೋಡೆಯ ಅರ್ಧ ಭಾಗ ನೀಲಿಯೇ ಆಗಬೇಕಿತ್ತು.

ಆ ಗೋಡೆಯೋ ಸವಳು ಹೊಡೆದದ್ದು. ಕೆಳಗಿನ ಎರೆಮಣ್ಣಿನಿಂದ ತೇವವನ್ನು ಹೀರಿಕೊಂಡು, ಬಿಸಿಲಿಗೆ ನೀರು ಆರಿದಲ್ಲೆಲ್ಲ ಬಿಳಿಯ ಉಪ್ಪನ್ನು ಹೊರಗೆ ಚೆಲ್ಲುತ್ತದೆ. ಇಂಥ ಗೋಡೆಗೆ ಅಕ್ರಿಲಿಕ್ ಬಣ್ಣ ಬಳಿದರೆ ಅದರ ಪೊರೆಯ ಹಿಂದೆ ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊಪ್ಪಳಿಕೆಯಾಗಿ ಎಬ್ಬಿಸುತ್ತದೆ. ಸುಣ್ಣದ ಗಚ್ಚಾದರೆ ಉಸಿರಾಡುತ್ತದೆ, ಮೇಲೆ ಬಂದ ಉಪ್ಪನ್ನು ಒಣ ಬ್ರಶ್ಶಿನಿಂದ ಉದುರಿಸಬಹುದು. ಆದ್ದರಿಂದ ಗಚ್ಚೇ ಸರಿ ಎಂದು ತೀರ್ಮಾನವಾಯಿತು. ತೇವ ಅತಿಯಾಗಿರುವ ಬುಡದ ಪಟ್ಟಿಯಲ್ಲಿ ಚಿತ್ರವೇ ಬೇಡ. ಅಲ್ಲಿನ ಗಚ್ಚು ಸವಳಿಗೆ ಬಲಿಯಾಗಲಿ, ಹಾಳಾದಾಗ ಕೆತ್ತಿ ಹೊಸದು ಹಾಕಿದರಾಯಿತು.

ಇನ್ನು ನೀಲಿಯ ಗೋಳು. ನನಗೆ ಬೇಕಾದದ್ದು ಸುಣ್ಣಕ್ಕೆ ಜಗ್ಗದ ಅಲ್ಟ್ರಾಮರೀನ್ ನೀಲಿ. ಬಿಲ್ಲಿನಲ್ಲಿ ಹಾಗೆಯೇ ಬರೆದು ಕಳಿಸಿದ ಡಬ್ಬಿಯಲ್ಲಿ ಬಂದದ್ದು ಪ್ರಷ್ಯನ್ ನೀಲಿ. ಪ್ರಷ್ಯನ್ ನೀಲಿಗೂ ಸುಣ್ಣಕ್ಕೂ ಹುಟ್ಟಾ ವೈರ. ಕ್ಷಾರ ತಾಗಿದರೆ ಅದು ಒಡೆದು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಫೋನು ಮಾಡಿ ವಿಚಾರಿಸಿದರೆ ಅಂಗಡಿಯವರ ಉತ್ತರ ಒಂದೇ: "ನೀಲಿ ಅಂದ್ರ ನೀಲೀನ ಅಲ್ರೀ." ಅಂದಿನಿಂದ ಪ್ರತಿ ಡಬ್ಬಿಯನ್ನೂ ಗೋಡೆಗೆ ಒಯ್ಯುವ ಮೊದಲು ಬಿಳಿ ತಟ್ಟೆಯಲ್ಲಿ ಪರೀಕ್ಷಿಸುತ್ತೇನೆ. ಒಂದು ಚಿಟಿಕೆಯ ಮೇಲೆ ಸುಣ್ಣದ ತಿಳಿ, ಇನ್ನೊಂದು ಚಿಟಿಕೆಯ ಮೇಲೆ ಕಕ್ಕಸು ತೊಳೆಯುವ ಆ್ಯಸಿಡ್ಡಿನ ಒಂದು ಹನಿ. ಸುಣ್ಣದ ಕಡೆ ಕಂದಾದರೆ ಪ್ರಷ್ಯನ್. ಆ್ಯಸಿಡ್ಡಿನ ಕಡೆ ಬಣ್ಣ ಬಿಳಿಚಿ ಕೊಳೆತ ತತ್ತಿಯ ವಾಸನೆ ಬಂದರೆ ಅಲ್ಟ್ರಾಮರೀನ್. ಎರಡಕ್ಕೂ ಜಗ್ಗದಿದ್ದರೆ ಬಹುಶಃ ಥ್ಯಾಲೋ ನೀಲಿ ಎಂಬ ಕೃತಕ ಬಣ್ಣ. ಅದು ಗಟ್ಟಿಯೇನೋ ಹೌದು, ಆದರೆ ಪುಡಿ ನೀರಿನಲ್ಲಿ ನೆನೆಯದೆ ಮೇಲೆಯೇ ತೇಲುತ್ತದೆ, ಗೋಡೆಯ ಮೇಲೆ ಪ್ಲಾಸ್ಟಿಕ್ ಕೊಡದ ಹಾಗೆ ಹೊಳೆಯುತ್ತದೆ. ವಾಸನೆ ಬಂದ ದಿನ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸುವುದು ಕಷ್ಟವಾಯಿತು. ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಿ, ಕೈಗವಸು ಮರೆಯಬೇಡಿ.

ಅಸಲಿ ಅಲ್ಟ್ರಾಮರೀನ್ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸುಣ್ಣದ ನೀರಿಗೆ ಬೆರೆಸಿ ಬಳಿದರೆ ಸುಣ್ಣದ ಬಿಳುಪೇ ಗೆದ್ದು ತೆಳು ಆಕಾಶದ ಬಣ್ಣ ಬರುತ್ತದೆ, ನೆಲದಡಿಯ ನೀರಿನ ಆಳ ಬರುವುದಿಲ್ಲ. ಹೀಗಾಗಿ ಉಳಿದದ್ದು ಹಸಿ ಗಚ್ಚಿನ ಮೇಲೆ ಬರೀ ನೀರಿನಲ್ಲಿ ಕಲಸಿದ ಬಣ್ಣವನ್ನು ಇಡುವ ದಾರಿ. ಗಚ್ಚಿನೊಳಗಿನ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಾಗೆ ಕಲ್ಲಾಗಲು ಗಚ್ಚಿನಲ್ಲಿ ತೇವ ಉಳಿದಿರಬೇಕು. ನಮ್ಮ ಬೇಸಿಗೆಯ ಬಿಸಿಗಾಳಿಗೆ ಗಚ್ಚು ಗಟ್ಟಿಯಾಗುವ ಮೊದಲೇ ಆರಿಹೋಗಿ, ನೀಲಿ ಹಿಟ್ಟಿನಂತೆ ಉದುರುತ್ತಿತ್ತು. ನೋಡುತ್ತ ನಿಂತಿದ್ದ ಗೌಂಡಿ ಕಾಕಾ ಕೊನೆಗೆ ಬಾಯಿಬಿಟ್ಟರು: "ಅಕ್ಕಾರ, ಗಚ್ಚಿಗಿ ಮೊದಲ ನೀರ ಕುಡಸ್ರಿ. ಆಮ್ಯಾಲ ಬಣ್ಣ."

ಅವರ ಮಾತಿನಂತೆ ಹಿಂದಿನ ಸಂಜೆಯೇ ಗೋಡೆಗೆ ನೀರು ಹೊಡೆದು, ಅದರ ಮುಂದೆ ಒದ್ದೆ ಗೋಣಿತಾಟುಗಳ ಪರದೆ ಕಟ್ಟಿ, ಬೆಳಕು ಹರಿಯುವ ಮೊದಲೇ ಒಂದು ಮೊಳದಷ್ಟು ಜಾಗಕ್ಕೆ ಮಾತ್ರ ನುಣ್ಣನೆಯ ಗಚ್ಚು ಎಳೆದು, ಕರಣಿಯ ಗುರುತು ಇನ್ನೂ ಹೊಳೆಯುತ್ತಿರುವಾಗಲೇ ಬಣ್ಣ ಇಡತೊಡಗಿದೆ. ಬಣ್ಣ ಹಚ್ಚಿದ ಮೇಲೆಯೂ ಗೋಣಿತಾಟು ಒಣಗದಂತೆ ಕೆಲವು ದಿನ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಗಚ್ಚಿಗೂ ಬಣ್ಣಕ್ಕೂ ಬೋರಿನ ಉಪ್ಪುನೀರು ಬೇಡವೇ ಬೇಡ, ಸವಳನ್ನು ನಾವೇ ಕೈಯಾರೆ ಗೋಡೆಯೊಳಗೆ ತುಂಬಿದಂತಾಗುತ್ತದೆ. ಕುಡಿಯುವ ನಲ್ಲಿಯ ನೀರನ್ನೇ ಬಳಸುತ್ತಿದ್ದೇನೆ. ನೀರಿನ ಚಿತ್ರಕ್ಕೆ ಕುಡಿಯುವ ನೀರು ಸುರಿಯುತ್ತಾಳೆ ಎಂದು ಬೆಳಗಿನ ವಾಕಿಂಗಿನವರು ಆಡಿಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅವರು ಪೈಪು ಹಿಡಿದು ಕಾರು ತೊಳೆಯುವ ನೀರಿಗಿಂತ ಇದು ಕಡಿಮೆ.

ಈ ನಡುವೆ ಉದ್ಯಾನದ ನೀರಿನ ಟಾಕಿಯ ಬುಡ ನನ್ನ ಕಣ್ಣಿಗೆ ಬಿದ್ದಿದೆ. ಅದರ ಸುತ್ತ ಒಡೆದ ಟೈಲ್ಸಿನ ಚೂರುಗಳಿಂದ ಇಳಕಲ್ ಸೀರೆಯ ತೋಪು ತೆನಿ ಸೆರಗನ್ನು ಮಾಡಿದರೆ ಹೇಗೆ ಎಂಬ ವಿಚಾರ ತಲೆಯಲ್ಲಿ ಸುತ್ತುತ್ತಿದೆ. ಕೆಂಪು, ಬಿಳಿ ಎರಡೇ ಬಣ್ಣ, ನೀಲಿಯ ಕಾಟವಿಲ್ಲ. ಕೆಂಪು ಟೈಲ್ಸು ಬೇಕೆಂದು ಕೇಳಿದರೆ ಮೂರು ಅಂಗಡಿಯವರೂ ಮೆರೂನ್ ತೋರಿಸಿದರು.

ಸದ್ಯಕ್ಕೆ ಸುರಂಗದ ಕಾಲುವೆಯೂ ಎರಡು ಬಾವಿಗಳೂ ಮುಗಿದಿವೆ. ಗಂಜ್ ಗೋಪುರದ ಬದಿಯ ನೆರಳಿಗೆ ನೀಲಿಯೊಡನೆ ಕಪ್ಪು ಆಕ್ಸೈಡ್ ಬೆರೆಸಬೇಕೋ ಕಾವಿ ಬೆರೆಸಬೇಕೋ ಎಂದು ಮಾದರಿ ತುಂಡುಗಳಲ್ಲಿ ನೋಡುತ್ತಿದ್ದೇನೆ. ಕಪ್ಪು ಬೆರೆಸಿದ ತುಂಡು ಹಸಿಯಿದ್ದಾಗ ಚೆನ್ನಾಗಿ ಕಂಡಿತು. ಆರಿದ ಮೇಲೆ ಹೇಗಿರುತ್ತದೋ ಬರುವ ವಾರ ಗೊತ್ತಾಗುತ್ತದೆ.