ಬಿಲ್ಲು ಹಿಡಿಯೋಳ ಸರ್‌ನೇಮಲ್ಲೂ ಬಾಣ ಇರ್ಬೇಕಾ?

ರಾತ್ರಿ ಒಂದು ಗಂಟೆವರೆಗೂ ನಾನು ಬರೀತಿರೋ ಫ್ಯಾಂಟಸಿ ಕಥೆ ಹೀರೋಯಿನ್‌ಗೆ ಸರ್‌ನೇಮ್ ಹುಡುಕ್ತಾ ಕೂತಿದ್ದೆ. ಅವಳು ಬಿಲ್ಲುಗಾತಿ, ಅದಕ್ಕೆ ಮೊದ್ಲು ಆರೋಹಾರ್ಟ್, ಅಂದ್ರೆ ಬಾಣದ ಹೃದಯ, ಅಂತ ಇಟ್ಟೆ, ಜೋರಾಗಿ ಓದಿ ನೋಡಿದ್ರೆ ನಂಗೇ ನಗು ಬಂತು. ಅಲ್ಲಾ, ತೊಟ್ಟಿಲಲ್ಲಿರೋ ಮಗು ಮುಂದೆ ಬಿಲ್ಲೇ ಹಿಡಿಯುತ್ತೆ ಅಂತ ಅವಳ ಮುತ್ತಜ್ಜಂಗೆ ಹೆಂಗ್ರೀ ಗೊತ್ತಿತ್ತು? ಇನ್ನು ವಿಲನ್‌ಗೆ ಡಾರ್ಕ್‌ಬ್ಲಡ್ ಅಂತ ಇಟ್ಬಿಟ್ರೆ ಮುಗೀತು, ಮೊದಲ ಪೇಜಲ್ಲೇ ಬಣ್ಣ ಬಯಲು.

ಹಂಗಂತ ಆಯುಧದ ಹೆಸರೇ ಬೇಡ ಅಂತಲ್ಲ. ಪರಶುರಾಮ ಮೊದ್ಲು ಬರೀ ರಾಮ, ಕೊಡಲಿ ಕೈಗೆ ಬಂದ್ಮೇಲೆ ಪರಶುರಾಮ ಆದ. ಭೀಮಂಗೆ ವೃಕೋದರ ಅಂತಾರೆ, ತೋಳದ ಹೊಟ್ಟೆಯೋನು, ಎಷ್ಟ್ ಚೆನ್ನಾಗಿ ಕೂರುತ್ತೆ ನೋಡಿ. ಆದ್ರೆ ಅದೆಲ್ಲ ಅವರವರ ಗುಣ, ಕೆಲಸ ನೋಡಿ ಬಂದಿದ್ದು, ಸರ್‌ನೇಮ್ ಹಂಗಲ್ಲ, ಅದು ಹುಟ್ತಾನೇ ಬೆನ್ನಿಗೆ ಬೀಳುತ್ತೆ. ಇಂಗ್ಲಿಷ್‌ನ ಫ್ಲೆಚರ್ ಅನ್ನೋ ಸರ್‌ನೇಮ್ ತಗೊಳ್ಳಿ, ಬಾಣ ಮಾಡೋನು ಅಂತ ಅರ್ಥ, ಹೊಡಿಯೋನು ಅಂತಲ್ಲ, ಈಗಿರೋ ಫ್ಲೆಚರ್‌ಗಳಲ್ಲಿ ಎಷ್ಟು ಜನ ಬಾಣ ಮುಟ್ಟಿರ್ತಾರೋ ದೇವರೇ ಬಲ್ಲ.

ನಂಗೆ ಹೆಸರಿಗೂ ಕೆಲಸಕ್ಕೂ ಇರೋ ಆ ಗ್ಯಾಪೇ ಇಷ್ಟ ಆಗಿದ್ದು. ಈಗ ನನ್ ಹೀರೋಯಿನ್ ಮನೆಯೋರು ಮೂರು ತಲೆಮಾರಿಂದ ಬಾಣಕ್ಕೆ ಗರಿ ಕಟ್ಟೋರು, ಯಾರೂ ಒಂದು ಸಲಾನೂ ಬಾಣ ಹೊಡೆದೋರಲ್ಲ, ಇವಳೇ ಫಸ್ಟು. ಕೊಡಲಿ ಹಿಡ್ಕೊಂಡು ಓಡಾಡೋ ದೈತ್ಯಂಗೆ ಮಾತ್ರ ಬೇಕರ್ ಅಂತ ಇಟ್ಟಿದೀನಿ, ಅವನ ತಾತ ಬ್ರೆಡ್ ಮಾಡ್ತಿದ್ದ.